ಜೋಡಿಹೆಜ್ಜೆಯ ಮೆಟ್ಟಿಲು

ಆ ಹೆಜ್ಜೆಗಳು ಗುತ್ಯವ್ವನವು. ಎರಡೂ ಅವಳವೇ. ಒಂದು ಬಲಗಾಲಿನದು, ಒಂದು ಎಡಗಾಲಿನದು. ಮನುಷ್ಯರಿಗೆ ಇರುವ ಹಾಗೆ.

ಕಾಲೇಜಿನಲ್ಲಿ ಮಾತ್ರ ಹಾಗೆ ಹೇಳುವವರು ಯಾರೂ ಇರಲಿಲ್ಲ. ಬಲಗಾಲಿನದು ರಾಜಕುಮಾರನದು, ಎಡಗಾಲಿನದು ಅವನ ಪ್ರಿಯೆಯದು ಎಂದೇ ಎಲ್ಲರ ಮಾತು. ಅವರಿಬ್ಬರೂ ಒಂಟಿಗಾಲಲ್ಲಿ ಯಾಕೆ ನಿಂತಿದ್ದರು ಎಂದು ಬಿ.ಎ.ಯವರು ಕೇಳಲಿಲ್ಲ, ಬಿ.ಎಸ್ಸಿ.ಯವರೂ ಕೇಳಲಿಲ್ಲ.

ಶಿರಸಿಯ ಹೊರಗೆ ಗುಡ್ಡದ ಮೇಲೆ ಕಾಲೇಜು. ಬಸ್ಸಿನ ರಸ್ತೆಯಿಂದ ಮೇಲಿನ ಕಟ್ಟಡದವರೆಗೆ ಚಿರೇಕಲ್ಲಿನ ಅಗಲವಾದ ಮೆಟ್ಟಿಲು. ನಡುವೆ ಏದುಸಿರು ಬಿಡುವವರಿಗೆ ನಿಲ್ಲಲಿಕ್ಕೆಂದು ಸಿಮೆಂಟಿನ ಒಂದು ಕಟ್ಟೆ. ಆ ಕಟ್ಟೆಯ ನಟ್ಟನಡುವೆ ಹೆಜ್ಜೆಗಳು.

ಅರವತ್ತೆರಡರ ಬೇಸಿಗೆಯಲ್ಲಿ ಆ ಮೆಟ್ಟಿಲು ಕಟ್ಟಿದರು. ಗುತ್ಯವ್ವ ಆಗ ಬನವಾಸಿ ಕಡೆಯಿಂದ ಲಗ್ನವಾಗಿ ಬಂದು ಶಿರಸಿಯ ಕೇರಿ ಸೇರಿದ ಎಳೆ ಹುಡುಗಿ. ಗಂಡ ಬೀರ ಕಲ್ಲು ಹೊರುತ್ತಿದ್ದ. ಇವಳು ಜಲ್ಲಿ ಹೊರುತ್ತಿದ್ದಳು. ಮೆಟ್ಟಿಲಿಲ್ಲದ ಗುಡ್ಡಕ್ಕೆ ಮೆಟ್ಟಿಲಿನ ಕಲ್ಲು ಹೊರುವುದೆಂದರೆ ಏನೆಂದು ಆಮೇಲೆ ಮೆಟ್ಟಿಲು ಹತ್ತಿದವರಿಗೆ ತಿಳಿಯುವುದಿಲ್ಲ. ಕತ್ತು ಹೆಗಲೊಳಗೆ ಇಳಿಯುತ್ತದೆ. ಸಿಂಬಿಯ ಕೆಳಗಿನ ಕೂದಲು ಉದುರುತ್ತದೆ. ಇಟ್ಟ ಕಾಲು ಇಟ್ಟಲ್ಲಿ ನಿಲ್ಲುವುದಿಲ್ಲ.

ಒಂದು ಸಂಜೆ ತಲೆಯ ಮೇಲೆ ಜಲ್ಲಿಯ ಬುಟ್ಟಿ ಇತ್ತು. ಕೆಳಗೆ ನೋಡುವಂತಿಲ್ಲ, ನೋಡಿದರೆ ಬುಟ್ಟಿ ಬೀಳುತ್ತದೆ. ಆಗಷ್ಟೇ ಸಿಮೆಂಟು ಹಾಕಿ ನುಣ್ಣಗೆ ಎಳೆದಿದ್ದ ಕಟ್ಟೆಯ ಮೇಲೆ ಬಲಗಾಲು ಇಟ್ಟಳು. ಭಾರಕ್ಕೆ ಅದು ಜಾರುತ್ತ ಹೂತಿತು. ಗಾಬರಿಯಲ್ಲಿ ಎಡಗಾಲನ್ನು ಬೆರಳ ತುದಿಯಲ್ಲಿ ಊರಿದಳು. ಹಾಗಾಗಿ ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ. ಮೇಸ್ತ್ರಿ ಮಟ್ಟದ ಹಲಗೆಯನ್ನೇ ಎತ್ತಿ ಅವಳ ಮೀನಖಂಡಕ್ಕೆ ಬಾರಿಸಿದ.

"ಎಮ್ಮೆ! ಕಣ್ಣು ನೆತ್ತಿ ಮ್ಯಾಗ ಅದಾವೇನು?"

ನೆತ್ತಿಯ ಮೇಲಿದ್ದದ್ದು ಅವನದೇ ಜಲ್ಲಿ. ಅದನ್ನು ಇಳಿಸಲೂ ಬಿಡದೆ ಹೊಡೆದ. ಹೊಡೆತ ತಿಂದವಳು ಬುಟ್ಟಿ ಬೀಳದ ಹಾಗೆ ಅತ್ತಳು. ಅದೂ ಒಂದು ಕಸುಬು.

ಸಿಮೆಂಟಿಗೆ ಪರ್ಮಿಟ್ಟು ಬೇಕಿದ್ದ ಕಾಲ. ಮತ್ತೊಂದು ಚೀಲ ಬರುವಷ್ಟರಲ್ಲಿ ಕಾಲೇಜಿನ ಉದ್ಘಾಟನೆಯೇ ಮುಗಿದಿತ್ತು. ಹೆಜ್ಜೆ ಹಾಗೇ ಉಳಿಯಿತು.

ಸಿಮೆಂಟು ಗಟ್ಟಿಯಾಗಲಿಕ್ಕೆ ವಾರ ಬೇಕು. ಕಾಲೇಜಿನಲ್ಲಿ ಸುಳ್ಳು ಗಟ್ಟಿಯಾಗಲಿಕ್ಕೆ ನಾಲ್ಕು ವರ್ಷ ಸಾಕು, ಯಾಕೆಂದರೆ ಅಲ್ಲಿ ನಾಲ್ಕು ವರ್ಷಕ್ಕೊಂದು ತಲೆಮಾರು. ಮೆಟ್ಟಿಲು ಕಟ್ಟುವುದನ್ನು ಕಂಡವರು ಪಾಸೋ ನಪಾಸೋ ಆಗಿ ಹೋದರು. ಅವರ ಹಿಂದೆ ಬಂದವರಿಗೆ ಅದು ಅಜ್ಜನ ಕಾಲದ ಮೆಟ್ಟಿಲು. ಅವರ ಆಮೇಲೆ ಬಂದವರಿಗೆ ರಾಜರ ಕಾಲದ್ದು. ಪದವಿಗೆಂದು ಬಂದವರು ಪಾದದ ಬೆನ್ನು ಹತ್ತಿದರು.

ಕತೆ ಹೀಗಿತ್ತು. ಯಾವನೋ ಪಾಳೆಯಗಾರನ ಮಗ. ಯಾವುದೋ ದೊಡ್ಡ ಮನೆಯ ಹುಡುಗಿ. ಹಿರಿಯರು ಒಪ್ಪಲಿಲ್ಲ. ಇಬ್ಬರೂ ಓಡಿ ಬಂದು ಈ ಗುಡ್ಡದ ಮೇಲೆ ನಿಂತು ಅತ್ತರು. ಕಣ್ಣೀರಿಗೆ ಕಲ್ಲು ಕರಗಿತು, ಹೆಜ್ಜೆ ಮೂಡಿತು. ಆಮೇಲೆ ಮಾಗೋಡಿಗೆ ಹೋಗಿ ಅಬ್ಬಿಯ ನೀರಿಗೆ ಹಾರಿಕೊಂಡರು.

"ಸಾಯಾಕ ಮಾಗೋಡಿನ ತನಕ ನಡದ್ರಂತೇನ?" ಎಂದು ಬೀರ ಕೇಳಿದ್ದ. "ಹಾದ್ಯಾಗ ಒಂದು ಬಾವಿನೂ ಸಿಗಲಿಲ್ಲೇನು?"

ಕತೆಗೆ ತಕ್ಕ ಹಾಗೆ ಕಟ್ಟಳೆ. ಹುಡುಗಿ ಬೆಳಿಗ್ಗೆ ಬಿಸಿಲು ಬೀಳುವ ಮೊದಲು ಗಿಡ್ಡ ಹೆಜ್ಜೆಯಲ್ಲಿ ಎಡಗಾಲಿಟ್ಟು ಮನಸ್ಸಿನಲ್ಲಿ ಹೆಸರು ಹೇಳಿಕೊಳ್ಳಬೇಕು. ಅದೇ ದಿನ ಸಂಜೆ ಹುಡುಗ ಉದ್ದ ಹೆಜ್ಜೆಯಲ್ಲಿ ಬಲಗಾಲಿಡಬೇಕು. ಜೊತೆಗೆ ನಿಲ್ಲುವಂತಿಲ್ಲ. ನಿಂತರೆ ಸುದ್ದಿ ಅವರಿಗಿಂತ ಮುಂಚೆ ಪೇಟೆ ತಲುಪುತ್ತದೆ. ಬೆಳಗಿಗೂ ಸಂಜೆಗೂ ನಡುವೆ ಬೇರೆಯವರ ಕಾಲು ಅದರಲ್ಲಿ ಬಿದ್ದರೆ ಜೋಡಿ ಮುರಿಯಿತು. ಹಾಗಾಗಿ ಹುಡುಗ ಹುಡುಗಿಯರು ಕಟ್ಟೆಯ ಅಂಚು ಹಿಡಿದು ಸುಳಿದು ಹೋಗುತ್ತಿದ್ದರು.

ಆ ಹೊತ್ತಿಗೆ ಗುತ್ಯವ್ವ ಅದೇ ಕಾಲೇಜಿನ ಕಸ ಗುಡಿಸುವವಳು. ಪಾಯಖಾನೆ ತೊಳೆಯುವವಳೂ ಅವಳೇ, ಅದಕ್ಕೆ ಗುಡ್ಡದ ಬುಡದ ಹೊಂಡದಿಂದ ನೀರು ಹೊರುವವಳೂ ಅವಳೇ. ಕುಡಿಯುವ ನೀರು ಬೇರೆ, ಅದನ್ನು ತರುವವರು ಬೇರೆ ಜಾತಿ. ಬೀರ ಕಟ್ಟಿಗೆ ಡಿಪೋದಲ್ಲಿ ದಿಮ್ಮಿ ಉರುಳಿ ಬಲಗೈ ಬೆರಳು ಕಳೆದುಕೊಂಡು ಮನೆಯಲ್ಲಿದ್ದ. ಎರಡು ಮಕ್ಕಳು. ಒಲೆ ಉರಿಯುತ್ತಿದ್ದದ್ದು ಇವಳ ಪೊರಕೆಯಿಂದ.

ಮೊದಮೊದಲು ಅವಳಿಗೆ ನಗು ಬರುತ್ತಿತ್ತು. ಬೆಳಿಗ್ಗೆ ಕಟ್ಟೆ ಗುಡಿಸಲು ಹೋದರೆ ತನ್ನ ಹೆಜ್ಜೆಯಲ್ಲಿ ಅರಿಶಿನ, ಕುಂಕುಮ, ಒಂದೆರಡು ಅಬ್ಬಲಿಗೆ ಹೂ. ಮನೆಗೆ ಬಂದು ಬೀರನ ಮುಂದೆ ಕಾಲು ಚಾಚಿ, "ಅಡ್ಡ ಬೀಳು. ಕಾಲೇಜು ಕಲತವರೆಲ್ಲ ಬೀಳಾಕತ್ತಾರ" ಅನ್ನುತ್ತಿದ್ದಳು. ಬೀರ ಆ ಕಾಲಿಗೆ ಒಂದು ಏಟು ಕೊಡುತ್ತಿದ್ದ. ಇಬ್ಬರೂ ನಗುತ್ತಿದ್ದರು.

ನಗು ನಿಂತದ್ದು ನೀಲಾಳ ಲಗ್ನದಿಂದ.

ನೀಲಾ ಎಂಬ ಹುಡುಗಿ ಯಾರದೋ ಹೆಸರು ಹೇಳಿ ಕಾಲಿಟ್ಟಿದ್ದಳಂತೆ. ತಿಂಗಳೊಳಗೆ ಅವಳ ಅಪ್ಪ ಕಾಲೇಜು ಬಿಡಿಸಿ ಯಲ್ಲಾಪುರದ ಕಡೆ ಬೇರೆಯವನಿಗೆ ಧಾರೆ ಎರೆದುಕೊಟ್ಟ. ಗೆಳತಿಯರು ಕೂತು ಕಾರಣ ಹುಡುಕಿದರು. ಅಪ್ಪನಲ್ಲಿ ಹುಡುಕಲಿಲ್ಲ. ಜಾತಕದಲ್ಲಿ ಹುಡುಕಲಿಲ್ಲ. ಆ ದಿನ ಮಧ್ಯಾಹ್ನ ಗುತ್ಯವ್ವ ನೀರು ಹೊತ್ತು ಕಟ್ಟೆ ದಾಟಿದ್ದು ಒಬ್ಬಳಿಗೆ ನೆನಪಾಯಿತು.

ಹೆಡ್ ಕ್ಲಾರ್ಕ್ ಅಂದಾನಪ್ಪ ಅವಳನ್ನು ಪ್ರಿನ್ಸಿಪಾಲರ ಕೋಣೆಯ ಬಾಗಿಲಿಗೆ ಕರೆಸಿ ನಿಲ್ಲಿಸಿದ. ಪ್ರಿನ್ಸಿಪಾಲರು ತರ್ಕಶಾಸ್ತ್ರ ಕಲಿಸುವವರು. ಕನ್ನಡಕ ತೆಗೆದು ಒರೆಸಿದರು.

"ನೋಡಮ್ಮಾ, ನಾನು ಇದನ್ನೆಲ್ಲ ನಂಬುವವನಲ್ಲ. ಇದಕ್ಕೆ ಯಾವ ಆಧಾರವೂ ಇಲ್ಲ. ಶುದ್ಧ ಮೂಢನಂಬಿಕೆ."

ಗುತ್ಯವ್ವನಿಗೆ ಜೀವ ಬಂದಂತಾಯಿತು.

"ಆದರೆ ಪರೀಕ್ಷೆಯ ಹೊತ್ತು. ಮಕ್ಕಳ ಮನಸ್ಸು ಮೃದು. ನೀನು ಹಿಂದುಗಡೆಯಿಂದ ಓಡಾಡಿಬಿಡು. ಅಂದಾನಪ್ಪ, ನೀವು ಹೇಳಿ."

"ನಾನೂ ನಂಬೂದಿಲ್ರೀ," ಎಂದ ಅಂದಾನಪ್ಪ. "ಏ ಗುತ್ಯವ್ವಾ, ತಿಳೀತಿಲ್ಲೋ? ಇನ್ನು ಮ್ಯಾಲೆ ಮೆಟ್ಟಲ ಮ್ಯಾಗ ನಿನ್ನ ಕಾಲು ಕಾಣಬಾರದು."

"ಕಟ್ಟಿ ಗುಡಸೂದು ಯಾರ್ರಿ?"

"ಹುಡುಗೂರು ಅವರ ಪೈಕಿ ಯಾರರ ಗುಡಸ್ತಾರ. ಅದು ಅವರ ದೇವರು."

ಯಾರೂ ನಂಬುತ್ತಿರಲಿಲ್ಲ. ಆದರೂ ಅವಳು ಸುತ್ತಿ ಹೋಗಬೇಕಾಯಿತು.

ಹಿಂದಿನ ಹಾದಿ ಎಂದರೆ ಹಾದಿಯಲ್ಲ. ಮಳೆನೀರು ಗುಡ್ಡ ಕೊರೆದು ಇಳಿದ ಕೊರಕಲು. ಮೇಲೆ ಉದುರು ಜಂಬಿಟ್ಟಿಗೆ ಕಲ್ಲು, ಎರಡು ಬದಿಗೆ ಪರಿಗೆಮುಳ್ಳು. ತಲೆಯ ಮೇಲೆ ಚಿಮಣಿ ಎಣ್ಣೆಯ ಹಳೇ ಡಬ್ಬಿ ತುಂಬ ನೀರು, ಸೊಂಟದಲ್ಲಿ ಕೊಡ. ಹತ್ತುವಾಗ ಎಲ್ಲ ಭಾರ ಮೊಳಕಾಲಿಗೆ. ಸೀರೆ ಮುಳ್ಳಿಗೆ ಸಿಕ್ಕರೆ ಬಿಡಿಸಿಕೊಳ್ಳಲು ಕೈಯಿಲ್ಲ. ಹರಿದುಕೊಂಡೇ ಹತ್ತಬೇಕು. ಮಳೆಗಾಲ ಕಳೆಯಿತು, ಚಳಿಗಾಲ ಕಳೆಯಿತು. ಅವಳ ಬಲ ಮೊಳಕಾಲು ಬಾತು ಹಲಸಿನ ಹಣ್ಣಿನ ತೊಳೆಯಂತೆ ಹಳದಿಯಾಯಿತು. ಕೂತರೆ ಏಳಲಾಗದು. ಎದ್ದರೆ ಕೂರಲಾಗದು. ಅಂದಾನಪ್ಪ ನೋಡಿ ಹೇಳಿದ್ದ: "ಆಗೂದಿಲ್ಲಂದ್ರ ಹೇಳು. ಮಂದಿಗೇನು ಬರ ಐತೇನು?"

ಆ ಮಾತಿನ ಮೇಲೆ ಅವಳು ಯಾರ ಮುಂದೆಯೂ ಕುಂಟಲಿಲ್ಲ. ಯಾರೂ ಇಲ್ಲದ ಕಡೆ ಕುಂಟುತ್ತಿದ್ದಳು.

ಆದರೂ ಕಂಡವನು ಒಬ್ಬ ಇದ್ದ. ವಿಘ್ನೇಶ್ವರ. ಕೊನೆಯ ವರ್ಷದ ಹುಡುಗ, ಸಿದ್ದಾಪುರದ ಕಡೆಯವನು. ಯಾರ ದನಿಯಾದರೂ ಸರಿ, ಒಂದು ಸಲ ಕೇಳಿದರೆ ಅವನ ಗಂಟಲಲ್ಲಿ ಇಳಿಯುತ್ತಿತ್ತು. ಪ್ರಿನ್ಸಿಪಾಲರ ಕೆಮ್ಮು, ಅಂದಾನಪ್ಪನ ಸೀನು, ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರು ಕೂಗುವ ಊರುಗಳು, ಎಲ್ಲವೂ. ಒಂದು ದಿನ ಗುತ್ಯವ್ವ ವರಾಂಡದ ಹಿಂದೆ ಬಗ್ಗಿ ನೆಲ ಒರೆಸುತ್ತಿದ್ದಾಗ ಈಚೆ ಹುಡುಗರು ಬಿದ್ದು ಬಿದ್ದು ನಗುವುದು ಕೇಳಿಸಿತು. ಇಣುಕಿದಳು. ವಿಘ್ನೇಶ್ವರ ತಲೆಯ ಮೇಲೆ ಪುಸ್ತಕಗಳ ಕಟ್ಟು ಇಟ್ಟುಕೊಂಡು, ಒಂದು ಕಾಲು ಎಳೆಯುತ್ತ, ತುಟಿ ಕಚ್ಚಿಕೊಂಡು ನಡೆದು ತೋರಿಸುತ್ತಿದ್ದ. ಅದು ಥೇಟ್ ಅವಳೇ. ತಾನು ತುಟಿ ಕಚ್ಚಿಕೊಳ್ಳುತ್ತೇನೆಂದು ಗುತ್ಯವ್ವನಿಗೆ ಆವತ್ತೇ ಗೊತ್ತಾದದ್ದು.

ಅವಳು ಮತ್ತೆ ಬಗ್ಗಿ ನೆಲ ಒರೆಸಿದಳು.

ಕಾಲೇಜಿನ ವರ್ಷದ ಹಬ್ಬ ಗ್ಯಾದರಿಂಗಿಗೆ ವಾರ ಇದ್ದಾಗ ಒಂದು ಬೆಳಿಗ್ಗೆ ಮೊಳಕಾಲು ಮಾತೇ ಕೇಳಲಿಲ್ಲ. ಇನ್ನೂ ಯಾರೂ ಬಂದಿರಲಿಕ್ಕಿಲ್ಲ ಎಂದುಕೊಂಡು ಗುತ್ಯವ್ವ ನೀರು ಹೊತ್ತು ಮೆಟ್ಟಿಲಿಗೇ ಕಾಲಿಟ್ಟಳು. ಕಟ್ಟೆಯ ಹತ್ತಿರ ಬರುವಾಗ ಒಂದು ಹುಡುಗಿ ಎರಡೂ ಕೈ ಅಗಲಿಸಿ ಅಡ್ಡ ನಿಂತಳು. ಪರಿಮಳಾ. ಒಳ್ಳೆಯ ಹುಡುಗಿ. ಹಬ್ಬದ ಮಾರನೇ ದಿನ ಬಾಳೆಯೆಲೆಯಲ್ಲಿ ಸುತ್ತಿ ತಿಂಡಿ ತಂದು, ಪಾಯಖಾನೆಯ ಗೋಡೆಯ ಮೇಲೆ ಇಟ್ಟು, ದೂರದಿಂದ ಕೂಗಿ ಹೇಳುತ್ತಿದ್ದವಳು.

"ಗುತ್ಯವ್ವಾ, ಬರಡ ಮಾರಾಯ್ತಿ! ಇವತ್ತೊಂದಿನ ಈ ಬದಿಗೆ ಬರಡ. ಈಗಷ್ಟೇ ಕಾಲಿಟ್ಟಾತು."

"ಮೊಳಕಾಲು ಬಾತೈತ್ರವ್ವಾ. ಆ ಹಾದಿ ಆಗವಲ್ದು. ಅಂಚು ಹಿಡದು ಹೊಕ್ಕೀನಿ, ನಿಮ್ಮ ಹೆಜ್ಜಿ ಮುಟ್ಟೂದಿಲ್ಲ."

"ಅಂಚೂ ಬೇಡ. ನೀರು ತುಳುಕ್ತು." ಪರಿಮಳಾಳ ಕಣ್ಣು ತುಂಬಿತು. "ಅಪ್ಪಯ್ಯ ಮತ್ತಿಘಟ್ಟದ ಬದಿಗೆ ಮದ್ವೆ ಮಾತು ಕೊಟ್ಟಾತು. ಯಂಗೆ ಇದೊಂದೇ ದಾರಿ ಇಪ್ದು. ನೀನೂ ಹೆಣ್ಣಲ್ದ? ನಿಂಗೆ ಗೊತ್ತಾಗ್ತಿಲ್ಯ?"

"ಹುಡುಗ ಯಾರ್ರಿ?"

ಹುಡುಗಿ ಅತ್ತ ಇತ್ತ ನೋಡಿ ಪಿಸುಗುಟ್ಟಿದಳು. "ವೀರಪ್ಪ ಹೇಳಿ ಅವನ ಹೆಸರು. ನಮ್ಮ ಜಾತಿ ಅಲ್ಲ."

"ಮನ್ಯಾಗ ಒಪ್ಪತಾರೇನ್ರಿ?"

"ಅವರು ಒಪ್ಪದಿದ್ರೆ ಒಪ್ಪಡ. ಜಾತಿ ಎಲ್ಲ ಸುಳ್ಳು ಗುತ್ಯವ್ವಾ. ಆನು ಅದನ್ನೆಲ್ಲಾ ನಂಬ್ತಿಲ್ಲೆ."

ಹೇಳಿದ್ದು ಸುಳ್ಳಲ್ಲ. ಅಗಲಿಸಿದ ಕೈ ಮಾತ್ರ ಹಾಗೇ ಇತ್ತು.

ಗುತ್ಯವ್ವ ತುಂಬಿದ ಡಬ್ಬಿಯನ್ನು ಹೊತ್ತೇ ಹಿಂದಕ್ಕೆ ತಿರುಗಿದಳು. ಹತ್ತಿದಷ್ಟೂ ಇಳಿದಳು. ಗುಡ್ಡ ಸುತ್ತಿದಳು. ಕೊರಕಲು ಹತ್ತಿದಳು.

ಆ ಸಂಜೆ ಬೀರ ಎಡಗೈಯಿಂದ ಅವಳ ಮೊಳಕಾಲಿಗೆ ಬಿಸಿ ಎಣ್ಣೆ ತಿಕ್ಕುತ್ತ ಕೂಗಾಡಿದ.

"ನಿಂದ ಹೆಜ್ಜಿ ಅಂತ ಹೇಳಾಕ ಏನು ಧಾಡಿ ನಿನಗ?"

"ಹೇಳಿದ್ರ ನಂಬತಾರೇನು?"

"ಕಾಲಿಟ್ಟು ತೋರಸು. ಮನಷಾ ಸುಳ್ಳು ಹೇಳ್ತಾನ, ಸಿಮೆಂಟು ಹೇಳೂದಿಲ್ಲ. ಕಣ್ಣಾರೆ ಕಂಡ ಮ್ಯಾಗ ಬಾಯಿ ಮುಚ್ಚತಾರ. ನಾವು ಕಟ್ಟಿದ ಮೆಟ್ಟಲ. ನಿನ್ನ ಹೆಜ್ಜಿ. ನಿನಗ ಹಾದಿ ಇಲ್ಲಂದ್ರ?"

"ಮೆಲ್ಲಕ ತಿಕ್ಕು," ಎಂದಳು ಗುತ್ಯವ್ವ. ಅವಳಿಗೆ ನಿದ್ದೆ ಬರುತ್ತಿತ್ತು. ಆದರೂ ಆ ಮಾತು ಮನಸ್ಸಿನಲ್ಲಿ ಒಂದು ಕಡೆ ಕೂತಿತು. ಒಂದು ಸಲ ತೋರಿಸಿಬಿಟ್ಟರೆ ಆಯಿತೇನೋ.

ಗ್ಯಾದರಿಂಗಿನ ದಿನ ಬಂತು. ಧಾರವಾಡದಿಂದ ದೊಡ್ಡ ಅತಿಥಿಗಳು ಬರುವವರಿದ್ದರು. ಅವರನ್ನು ಕಟ್ಟೆಯ ಮೇಲೆ ನಿಲ್ಲಿಸಿ ಸ್ವಾಗತಿಸುವುದು, ಜೋಡಿಹೆಜ್ಜೆಯ ಕತೆಯನ್ನು ಆಡಿ ತೋರಿಸುವುದು, ಆಮೇಲೆ ಸಭೆ. ಮೇಲಿನ ಮೆಟ್ಟಿಲುಗಳ ಮೇಲೆ ಹುಡುಗಿಯರು ಒಂದು ಬದಿ, ಹುಡುಗರು ಒಂದು ಬದಿ ಸಾಲಾಗಿ ಕೂತಿದ್ದರು. ರೇಷ್ಮೆ ಸೀರೆ, ಇಸ್ತ್ರಿಯ ಅಂಗಿ. ಕಟ್ಟೆಯ ಮೇಲೆ ವಿಘ್ನೇಶ್ವರ ಬೇಗಡೆಯ ಕಿರೀಟ ಹಾಕಿಕೊಂಡು ಪಾಳೆಯಗಾರನ ಮಗನಾಗಿ ತಾಲೀಮು ನಡೆಸಿದ್ದ. ಪ್ರಿಯೆಯ ಮಾತನ್ನೂ ಅವನೇ ಹೆಣ್ಣುದನಿಯಲ್ಲಿ ಆಡುತ್ತಿದ್ದ. ಹೆಣ್ಣುಮಕ್ಕಳು ವೇಷ ಹಾಕಲು ಮನೆಯಲ್ಲಿ ಬಿಟ್ಟಿರಲಿಲ್ಲ.

ಗುತ್ಯವ್ವ ಬೆಳಗಿನಿಂದ ಕೊರಕಲಿನಲ್ಲಿ ನೀರು ಹೊರುತ್ತಿದ್ದಳು. ಅಷ್ಟು ಜನಕ್ಕೆ ಪಾಯಖಾನೆಯ ತೊಟ್ಟಿ ತುಂಬಬೇಕು. ನೆತ್ತಿಯ ಮೇಲೆ ಬಿಸಿಲು ಬಂದಾಗ ಕಾಲಡಿಯ ಕಲ್ಲು ಉರುಳಿತು. ಬಿದ್ದಳು. ಡಬ್ಬಿ ಅವಳನ್ನು ದಾಟಿ ಡಣ ಡಣ ಎಂದು ಗುಡ್ಡ ಇಳಿಯಿತು. ಮೊಳಕಾಲಿನ ಬಾವು ಒಡೆದು ಕೀವು, ರಕ್ತ. ಅವಳು ಮುಳ್ಳಿನ ನಡುವೆ ಕೂತಳು. ಅಳು ಬರಲಿಲ್ಲ. ಸ್ವಲ್ಪ ಹೊತ್ತು ಹೀಗೇ ಕೂರಬಹುದಲ್ಲಾ ಅನಿಸಿತು.

ಮೇಲಿನಿಂದ ಅಂದಾನಪ್ಪನ ತಲೆ ಕಂಡಿತು.

"ಏನದು ಸಪ್ಪಳ? ಬಿದ್ದೇನು? ಡಬ್ಬಿ ಒಡೀತೇನು?"

"ಡಬ್ಬಿ ಚಲೋ ಐತ್ರಿ."

"ಹಂಗಾರ ಲಗೂನ ತಾ. ತೊಟ್ಯಾಗ ನೀರಿಲ್ಲ. ಗೆಸ್ಟ್ ಬರೂ ಹೊತ್ತಾತು!"

ಅವಳು ಜಾರಿಕೊಂಡೇ ಕೆಳಗಿಳಿದಳು. ಹೊಂಡದಲ್ಲಿ ಡಬ್ಬಿ ತುಂಬಿದಳು. ಕಾಲೇಜಿನ ಮಾಲಿ ಹುಚ್ಚ ಅವಳ ಕೇರಿಯವನೇ. ಅವನು ಒಂದು ಕೈ ಹಚ್ಚಿ ತಲೆಗೆ ಹೊರಿಸಿದ. ಅವಳ ಕಾಲು ನೋಡಿ, "ಯಕ್ಕಾ, ಹೆಂಗ ಹತ್ತತೀಯ?" ಎಂದ. ಅವಳು ಕೊರಕಲಿನತ್ತ ನೋಡಿದಳು.

ಮನಸ್ಸಿನಲ್ಲಿ ಏನನ್ನೂ ಗಟ್ಟಿ ಮಾಡಿಕೊಳ್ಳಲಿಲ್ಲ. ಸಿಟ್ಟು ಬರಲಿಲ್ಲ. ಮೊಳಕಾಲು ಅತ್ತ ತಿರುಗಲಿಲ್ಲ, ಅಷ್ಟೆ. ಅವಳು ರಸ್ತೆ ದಾಟಿ ಮೆಟ್ಟಿಲಿಗೆ ಬಂದಳು. ಮೊದಲ ಮೆಟ್ಟಿಲು ಹತ್ತಿದಳು.

ಕಟ್ಟೆಯ ಮೇಲೆ ವಿಘ್ನೇಶ್ವರ ಪ್ರಿಯೆಯ ಬೀಳ್ಕೊಡುಗೆಯಲ್ಲಿದ್ದ. ಇವಳ ತಲೆ ಕಂಡಿತು, ಆಮೇಲೆ ಇವಳು. ಅವನು ಯಕ್ಷಗಾನದ ಗತ್ತಿನಲ್ಲೇ ಹೊರಳಿ ಕೈಯೆತ್ತಿದ.

"ಭಲಿರೇ! ಯಾರೀಕೆ, ಶಿರದ ಮೇಲೆ ಸಾಗರವನ್ನೇ ಹೊತ್ತು ಬರುವ ನಾರಿ!"

ಮೆಟ್ಟಿಲು ತುಂಬ ನಗು. ಅಂದಾನಪ್ಪ ಮೇಲಿನಿಂದ ಧೋತರದ ಚುಂಗು ಹಿಡಿದುಕೊಂಡು ಓಡಿ ಬಂದ.

"ಏ! ಏ! ಎಲ್ಲಿಗೆ ಬಂದಿ? ಹಿಂದಿನ ಹಾದಿಗೆ ಹೋಗು!"

"ಹೋಗೂದಿಲ್ರಿ."

ಅಂದಾನಪ್ಪನಿಗೆ ಕಿವಿ ಸರಿಯಾಗಿ ಕೇಳಿಸಲಿಲ್ಲವೆಂದೇ ಅನಿಸಿತು. "ಏನಂದಿ?"

"ಆ ಹಾದ್ಯಾಗ ಇನ್ನ ಹೋಗೂದಿಲ್ರಿ. ಹೋಗಾಕ ಕಾಲಿಲ್ಲ." ತಲೆ ಅಲುಗಿಸುವಂತಿರಲಿಲ್ಲ. ಎದುರಿಗೆ ನೋಡಿಕೊಂಡೇ ಹೇಳಿದಳು. "ಈ ಮೆಟ್ಟಲಾ ಕಟ್ಟುವಾಗ ನಾನು ಜಲ್ಲಿ ಹೊತ್ತೀನಿ. ಇವು ನನ್ನ ಹೆಜ್ಜಿ. ಸಿಮೆಂಟು ಹಸಿ ಇದ್ದಾಗ ತುಳದಿದ್ದೆ. ಮೇಸ್ತ್ರಿ ಹಲಗೀಲೆ ಹೊಡದಿದ್ದ. ರಾಜಾನೂ ಇಲ್ಲ ರಾಣೀನೂ ಇಲ್ರಿ. ಎರಡೂ ನಂದ."

ಎಲ್ಲಿಂದಲೋ ಒಬ್ಬ ಪಕ್ಕನೆ ನಕ್ಕ. ಎಲ್ಲರೂ ನಕ್ಕರು. ವಿಘ್ನೇಶ್ವರ ಇಲ್ಲದ ಕನ್ನಡಕ ತೆಗೆದು ಒರೆಸಿ, ಪ್ರಿನ್ಸಿಪಾಲರ ಕೆಮ್ಮು ಕೆಮ್ಮಿದ.

"ನೋಡಮ್ಮಾ, ಬರೇ ಹೇಳಿಕೆ ಸಾಲದು. ತರ್ಕಕ್ಕೆ ಪ್ರಮಾಣ ಬೇಕು. ಪಾದವುಂಟು, ಪಡಿಯಚ್ಚುಂಟು. ಇಡು, ನೋಡೋಣ."

"ಇಡಲಿ, ಇಡಲಿ!" ಹುಡುಗರು ಕೂಗಿದರು.

"ಬೇಡ!" ಪರಿಮಳಾ ಎದ್ದು ನಿಂತಿದ್ದಳು.

ಗುತ್ಯವ್ವನ ಕಣ್ಣಿಗೆ ಹೆಜ್ಜೆ ಕಾಣುತ್ತಿರಲಿಲ್ಲ. ಬಲಗಾಲನ್ನು ನೆಲದ ಮೇಲೆ ತಡಕಾಡಿಸಿ ಗುಳಿ ಹುಡುಕಿದಳು. ಸಿಕ್ಕಿತು. ಬೀರನ ಮಾತು ನೆನೆದು ಊರಿದಳು.

ಕೂಡಲಿಲ್ಲ.

ಹಿಮ್ಮಡಿ ಕೂತಿತು. ಮುಂಗಾಲು ಕೂರಲಿಲ್ಲ. ಕಿರುಬೆರಳು ಅಂಚಿನ ಮೇಲೇ ನಿಂತಿತು. ಹೆಬ್ಬೆರಳ ಬುಡ ಆಚೆ ಉಬ್ಬಿತು. ಅವಳು ಇನ್ನಷ್ಟು ಒತ್ತಿದಳು. ತಲೆಯ ಡಬ್ಬಿ ತುಳುಕಿ ನೀರು ಬೆನ್ನಿಗಿಳಿಯಿತು. ಕಾಲು ಒಳಗೆ ಹೋಗಲಿಲ್ಲ. ಸಿಮೆಂಟಿನಲ್ಲಿ ಇದ್ದದ್ದು ಆಗಷ್ಟೇ ಲಗ್ನವಾದ ಹುಡುಗಿಯ ಕಾಲು. ಎರಡು ಹೆರಿಗೆ, ಏಳು ವರ್ಷದ ಪೊರಕೆ, ಹೊಂಡದ ಕೆಸರು, ಕೊರಕಲಿನ ಕಲ್ಲು ಎಲ್ಲ ಸೇರಿ ಆ ಕಾಲನ್ನು ಸಗಣಿಯ ಕುಳ್ಳಿನಂತೆ ಅಗಲ ತಟ್ಟಿ ಇಟ್ಟಿದ್ದವು. ಅವಳ ಕಾಲೇ ಅವಳ ಸಾಕ್ಷಿಗೆ ಒದಗಲಿಲ್ಲ.

"ಕೇಸ್ ಡಿಸ್‌ಮಿಸ್!" ಎಂದ ವಿಘ್ನೇಶ್ವರ.

ಆ ನಗು ಬಹಳ ಹೊತ್ತು ನಡೆಯಿತು. ಗುತ್ಯವ್ವ ಅದು ಮುಗಿಯುವ ತನಕ ನಿಂತಳು. ಡಬ್ಬಿ ಇಳಿಸುವಂತಿರಲಿಲ್ಲ, ಇಳಿಸಿದರೆ ಮತ್ತೆ ಹೊರಿಸುವವರಿಲ್ಲ. ಮೊಳಕಾಲಿನಿಂದ ಇಳಿದ ರಕ್ತ ಪಾದದ ಬದಿಗೆ ಬಂದು ಗುಳಿಯ ಅಂಚಿಗೆ ಮುಟ್ಟಿತು. ನಗು ತಾನಾಗಿ ತೆಳುವಾಯಿತು.

"ಹಿಡೀಲಿಲ್ಲ," ಎಂದಳು. ದನಿಯಲ್ಲಿ ಜಗಳ ಇರಲಿಲ್ಲ. "ನಂದಲ್ಲ ಅಂತ ಇಟ್ಕೊಳ್ರಿ. ಯಾರದರ ಆಗ್ಲಿ. ರಾಜಂದ ಆಗ್ಲಿ. ನನಗ ಹೆಜ್ಜಿ ಬ್ಯಾಡ್ರಿ. ನನಗ ಹಾದಿ ಬೇಕು."

ತಲೆಯ ಮೇಲಿನ ಡಬ್ಬಿಯನ್ನು ಬಿಗಿಯಾಗಿ ಹಿಡಿದಳು.

"ಅತ್ತ ಸರೀರಿ. ಭಾರ ಐತಿ."

ವಿಘ್ನೇಶ್ವರ ಮೊದಲು ಸರಿದ. ಆಮೇಲೆ ಎರಡೂ ಬದಿಯವರು ಎದ್ದು ಸೀರೆ, ಪಂಚೆ ಎತ್ತಿಕೊಂಡು ದಾರಿ ಬಿಟ್ಟರು. ಗೌರವಕ್ಕಲ್ಲ. ಆ ನೀರು ಮೈಮೇಲೆ ಬಿದ್ದರೆ ಮತ್ತೆ ಮೀಯಬೇಕು. ಏನಾದರಾಗಲಿ, ದಾರಿ ಆಯಿತು. ಅವಳು ಉದ್ದ ಹೆಜ್ಜೆಯಿಂದ ಕಾಲು ಕಿತ್ತು, ಗಿಡ್ಡ ಹೆಜ್ಜೆಯನ್ನು ತುಳಿದೇ ಮೇಲೆ ಹತ್ತಿದಳು. ಬೇಕೆಂದು ತುಳಿದದ್ದಲ್ಲ. ಮುಂದಿನ ಹೆಜ್ಜೆ ಬೀಳುವುದು ಅಲ್ಲೇ. ಮೆಟ್ಟಿಲು ಹತ್ತುವುದೂ ನೋವೇ. ಕಟ್ಟಿದವರು ಎತ್ತರೆತ್ತರ ಕಟ್ಟಿದ್ದರು. ಆದರೆ ಕಾಲಡಿಗೆ ಕಲ್ಲು ಉರುಳಲಿಲ್ಲ.

ತೊಟ್ಟಿಗೆ ಸುರಿದು ಬರಿ ಡಬ್ಬಿ ಹಿಡಿದು ಅವಳು ಮತ್ತೆ ಮೆಟ್ಟಿಲಿಗೇ ಬಂದಳು. ತುದಿಯಲ್ಲಿ ಅಂದಾನಪ್ಪ ಕಾದಿದ್ದ. ಸಿಟ್ಟಿಗೆ ಅವನ ಮೀಸೆ ಕುಣಿಯುತ್ತಿತ್ತು.

"ನಾಳಿಂದ ಕೆಲಸಕ್ಕ ಬರಬ್ಯಾಡ ನೀನು!"

"ಆತ್ರಿ."

ಇಷ್ಟು ಸಲೀಸಾಗಿ ಒಪ್ಪುತ್ತಾಳೆಂದು ಅವನು ಎಣಿಸಿರಲಿಲ್ಲ. "ಇವತ್ತಿಂದು ತೊಟ್ಟಿ ತುಂಬಿಲ್ಲ," ಎಂದ, ಸ್ವಲ್ಪ ತಗ್ಗಿ. "ಅದನ್ನ ಮುಗಿಸಿ ಹೋಗು. ಇನ್ನೂ ನಾಕಾರು ಡಬ್ಬಿ ಬೇಕು."

ಗುತ್ಯವ್ವ ಅವನನ್ನು ನೋಡಿದಳು. ನಾಳೆ ಬೇಡದವಳು ಇವತ್ತು ಬೇಕು. ಅವಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಅಷ್ಟು ದಣಿದಿದ್ದಳು.

ಕೂತವರ ನಡುವೆ ಇಳಿದಳು. ಹೊಂಡದಲ್ಲಿ ಡಬ್ಬಿ ತುಂಬಿದಳು. ಹುಚ್ಚನನ್ನು ಕರೆದಳು. ಹುಚ್ಚ ಇರಲಿಲ್ಲ, ತೋರಣಕ್ಕೆ ಮಾವಿನ ಸೊಪ್ಪು ಸಾಲದೆಂದು ಕಳಿಸಿದ್ದರು. ತುಂಬಿದ ಡಬ್ಬಿಯನ್ನು ಒಬ್ಬರೇ ತಲೆಗೆ ಏರಿಸಿಕೊಳ್ಳಲಾಗುವುದಿಲ್ಲ. ಅವಳು ಅದನ್ನು ಎರಡೂ ಕೈಯಲ್ಲಿ ತಬ್ಬಿ ಎಳೆದು ತಂದು ಮೊದಲ ಮೆಟ್ಟಿಲಿನ ಮೇಲೆ ಇಟ್ಟಳು. ತಲೆಯೆತ್ತಿ ನೋಡಿದಳು. ಮೆಟ್ಟಿಲು ತುಂಬ ಜನ. ಗಟ್ಟಿಮುಟ್ಟು ಹುಡುಗರು. ಹಾಲು ಮೊಸರು ಉಂಡ ತೋಳುಗಳು.

"ಯಾರರ ಒಬ್ಬರು ಬರ್ರಿ," ಎಂದು ಕೂಗಿದಳು. "ಡಬ್ಬಿ ಹೊರಸ್ರಿ."

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಘ್ನೇಶ್ವರ ಕಿರೀಟ ಸರಿಪಡಿಸಿಕೊಂಡ. ಅವನಿಗೆ ಎಲ್ಲರ ದನಿಯೂ ಬರುತ್ತಿತ್ತು, ಆಗ ಯಾರದೂ ಬರಲಿಲ್ಲ. ಪರಿಮಳಾ ಎರಡು ಮೆಟ್ಟಿಲು ಇಳಿದಳು. ಮೂರನೆಯದಕ್ಕೆ ನಿಂತಳು. ಹಿಂದಿನಿಂದ ಯಾರೋ ಸೆರಗು ಹಿಡಿದಿದ್ದರೋ, ಯಾರೂ ಹಿಡಿದಿರಲಿಲ್ಲವೋ, ಕೆಳಗಿನಿಂದ ಕಾಣುತ್ತಿರಲಿಲ್ಲ.

ಗುತ್ಯವ್ವ ಕಾದಳು. ಆಮೇಲೆ ಕೂತಳು. ಡಬ್ಬಿಯ ಪಕ್ಕದಲ್ಲಿ, ಮೆಟ್ಟಿಲಿನ ನಡುವೆ. ಅಷ್ಟು ವರ್ಷ ಹೊತ್ತು, ಗುಡಿಸಿ, ತೊಳೆದ ಆ ಮೆಟ್ಟಿಲುಗಳ ಮೇಲೆ ಅವಳು ಕೂತದ್ದು ಅದೇ ಮೊದಲು.

ರಸ್ತೆಯ ತಿರುವಿನಲ್ಲಿ ಮೋಟಾರಿನ ಹಾರ್ನು ಕೇಳಿತು. ಅಂದಾನಪ್ಪ ಹೂಮಾಲೆ ಹಿಡಿದುಕೊಂಡೇ ಓಡುತ್ತ ಇಳಿದ.

"ಏಳ! ಏಳ! ಗೆಸ್ಟ್ ಬಂದ್ರು!"

"ಹೊರಸ್ರಿ. ಏಳತೀನಿ."

"ನಾನು? ಈ ಪಾಯಖಾನಿ ಡಬ್ಬೀನ?"

"ನೀವ ಆಗಬೇಕಂತಿಲ್ರಿ. ಯಾರ ಕೈ ಆದ್ರೂ ಆದೀತು."

ಅಂದಾನಪ್ಪ ಮೇಲೆ ನೋಡಿದ. ಯಾರೂ ಇಳಿಯಲಿಲ್ಲ. ಡಬ್ಬಿಯನ್ನು ನೋಡಿದ, ತನ್ನ ಕೈಯ ಹೂಮಾಲೆಯನ್ನು ನೋಡಿದ. ಮೋಟಾರು ಬಂದು ನಿಂತಿತು. ಕೆಂಧೂಳು ಮೆಟ್ಟಿಲಿನ ಮೇಲೆಲ್ಲ ಹರಡಿತು. ಬಾಗಿಲು ತೆರೆದು ಮಿರುಗುವ ಬೂಟಿನ ಕಾಲೊಂದು ನೆಲಕ್ಕೆ ಇಳಿಯಿತು.

ಗುತ್ಯವ್ವ ಎರಡನೆಯ ಮೆಟ್ಟಿಲಿಗೆ ಬೆನ್ನು ಕೊಟ್ಟು, ಬಾತ ಕಾಲನ್ನು ಹಾದಿಗೆ ಅಡ್ಡವಾಗಿ ನೀಡಿಕೊಂಡಳು.